ಅಲುಗಾಡದಿದ್ರೆ ಚಿತ್ರ ತಿಳಿ

ಇದು ನನ್ನ ಚಿಕ್ಕಪ್ಪನ ಮಗ ಪ್ರಭುದೇವನಿಗೆ ಆದದ್ದು. ಎರಡು ಸಾವಿರದ ಎಂಟರಲ್ಲಿ, ತುಮಕೂರಿನ ಮರಳೂರಲ್ಲಿ.

ಸರಿರಾತ್ರಿ. ಹೆಗಲಿಗೆ ಉದ್ದನೆಯ ನೆಟ್ ಕೇಬಲ್ ಸುತ್ತಿಕೊಂಡು ಅಂತರಸನಹಳ್ಳಿಯ ಗೆಳೆಯನ ಹತ್ತಿರದಿಂದ ವಾಪಸ್ ಬರ್ತಿದ್ದ. ಚಪ್ಪಡಿ ಮುಚ್ಚಿದ ಹಳೇ ಬಾವಿ ಹತ್ತಿರ... ಗಿರ್ರ್... ಗಿರ್ರ್... ರಾಟೆ ತಿರುಗಿದ ಸದ್ದು. ಆ ಬಾವಿಗೆ ರಾಟೆಯೇ ಇಲ್ಲ. ಬೇರೆ ದಿನವಾಗಿದ್ರೆ ಓಡಿರೋನು. ಅವತ್ತು ಹೆದರಿಕೆ ಕೂಡ ಬರಲಿಲ್ಲ. ಸಂಜೆ ಅಪ್ಪ ತೀರಿಕೊಂಡಿದ್ರು. ಅಳುವೂ ಬಂದಿರಲಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಿತ್ತು, ಅಷ್ಟೇ.

ಮನೇಲಿ ಅಪ್ಪ ಮಹಾಲಿಂಗಯ್ಯನವರನ್ನ ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ರು. ಮೈಕೈಗೆಲ್ಲ ವಿಭೂತಿ. ಎದುರಿಗೆ ಭಜನೆ. ಬೆಳಿಗ್ಗೆ ಮಣ್ಣು.

ತಂಗಿ ಸುಮನಾ ಹುಲಿಯೂರುದುರ್ಗದಲ್ಲಿ ಹಸಿ ಬಾಣಂತಿ. ಅಪ್ಪ ಹಾಸಿಗೆ ಹಿಡಿದಿದ್ರಿಂದ ಬಾಣಂತನ ಅತ್ತೆಮನೆಯಲ್ಲೇ. ಹೊಟ್ಟೆಯ ಹೊಲಿಗೆ ಮಾಗಿಲ್ಲ, ಬರೋ ಹಾಗಿಲ್ಲ. ಅಪ್ಪನ ಮುಖ ಒಂದ್ಸಲ ನೆಟ್ಟಗೆ ತೋರಿಸಿಬಿಡು ಅಂತ ಫೋನಲ್ಲಿ ಬೇಡಿಕೊಂಡಿದ್ಲು. ಅವರ ಮನೇಲೂ ಕಂಪ್ಯೂಟರ್ ಇತ್ತು. ಆದ್ರೆ ಕ್ಯಾಮೆರಾ ಇಟ್ಟು ಲೈವ್ ಹಾಕಿದಾಗೆಲ್ಲ ಅಪ್ಪನ ಮುಖ ಚೌಕ ಚೌಕವಾಗಿ ಒಡೆದು ಹೋಗ್ತಿತ್ತು. ಅದಕ್ಕೇ ಆ ಕೇಬಲ್ಲು.

ವೈರ್‌ಲೆಸ್ ಬಿಟ್ಟು ಕೇಬಲ್ ಚುಚ್ಚಿದ. ಅಪ್ಪನ ತಲೆ ಮೇಲಿದ್ದ ಟ್ಯೂಬ್‌ಲೈಟ್ ಆರಿಸಿ ಎದುರಿಗೆ ಬಲ್ಬು ಕಟ್ಟಿದ. ಚಿತ್ರದ ಅಳತೆ ಚಿಕ್ಕದು ಮಾಡಿದ. ಕಂಪ್ಯೂಟರಿಗೆ ಭಾರ ಇಳೀಲಿ ಅಂತ ತನ್ನ ಪರದೆಯಲ್ಲಿ ಕಾಣ್ತಿದ್ದ ಅಪ್ಪನ ಚಿತ್ರವನ್ನೂ ಮುಚ್ಚಿಟ್ಟ. ಆದ್ರೂ ಒಡೀತಿತ್ತು. ತಾಳ ಹಾಕೋ ಕೈ, ಎದ್ದು ಹೋಗೋ ಜನ... ಕ್ಯಾಮೆರಾ ಮುಂದೆ ಅಲುಗಾಡಿದಷ್ಟೂ ಲೈನು ಸಾಲಲ್ವಂತೆ. ನನಗಿದು ತಿಳಿಯೋದಿಲ್ಲ, ಅವನು ಹೇಳಿದ್ದು.

ಎಲ್ಲರೂ ಸ್ವಲ್ಪ ಹೊತ್ತು ಜಗಲಿಗೆ ಹೋಗಿ ಅಂದ. ಭಜನೆಯ ಚನ್ನವೀರಯ್ಯ ತಾಳ ಕೆಳಗಿಡಲಿಲ್ಲ.

"ಒಬ್ಬರನ್ನೇ ಬಿಟ್ಟು ಏಳಬಾರ್ದು ಕಣೋ."

"ನಾನಿರ್ತೀನಲ್ಲ."

"ನೀನು ಡಬ್ಬಿ ನೋಡ್ತಾ ಕೂರ್ತೀಯ." ಎದ್ದೇಳ್ತಾ ಅಂದ್ರು, "ಜೀವಮಾನದಲ್ಲಿ ಒಂದು ಫೋಟೋಕ್ಕೆ ನೆಟ್ಟಗೆ ಕೂತವನಲ್ಲ ನಿಮ್ಮಪ್ಪ. ಇವತ್ತು ಕೂತವ್ನೆ ನೋಡು."

ಬಾಗಿಲು ಮುಚ್ಚಿಕೊಂಡಿತು. ಫ್ಯಾನೂ ನಿಂತಿತ್ತು. ಕ್ಯಾಮೆರಾ ಸ್ಟೂಲ್ ಮೇಲಿಂದ ಅಪ್ಪನನ್ನೇ ನೋಡ್ತಿತ್ತು. ಪ್ರಭುದೇವ ಅಪ್ಪನಿಗೆ ಬೆನ್ನು ಹಾಕಿ ಕಂಪ್ಯೂಟರಿನ ಮುಂದೆ ಕೂತಿದ್ದ. ಪರದೆ ಮೂಲೇಲಿ, ಇಲ್ಲಿಂದ ಹೋಗೋ ಚಿತ್ರಕ್ಕೆ ಲೈನು ಎಷ್ಟು ಖರ್ಚಾಗ್ತಿದೆ ಅಂತ ತೋರಿಸೋ ಒಂದು ಸಂಖ್ಯೆ. ಅದು ಇಳೀತು... ಇನ್ನೂ ಇಳೀತು... ನಿಂತಿತು.

"ಅಣ್ಣ," ಫೋನಲ್ಲಿ ಸುಮನಾ ಪಿಸುಗುಟ್ಟಿದ್ಲು, "ಮೀಸೆ ಕೂಡ ಕಾಣ್ತಿದೆ."

ಆಮೇಲೆ ಮಗುವನ್ನ ಎತ್ತಿಕೊಂಡ ಸದ್ದು.

"ಅಪ್ಪ ಪಾಪೂನ ನೋಡ್ಲೇ ಇಲ್ಲ ಕಣೋ... ತೋರಿಸ್ಲಾ?"

"ತೋರ್ಸು," ಅಂದ. ಬೇಡ ಅನ್ನೋಕೂ ಶಕ್ತಿ ಇರಲಿಲ್ಲ.

ಪರದೆ ಮೇಲೆ ಎರಡು ಕೈ, ಬಿಳೀ ಬಟ್ಟೆ, ಒಳಗೆ ಪುಟ್ಟ ಮುಖ.

ಸಂಖ್ಯೆ ಏರೋಕೆ ಶುರುವಾಯ್ತು.

ಬಾಗಿಲು ಮುಚ್ಚೇ ಇತ್ತು. ಜಗಲಿಯಲ್ಲಿ ತಾಳದ ಸದ್ದು ಕೇಳಿಸ್ತಿತ್ತು. ಸಂಖ್ಯೆ ಏರ್ತಾನೇ ಇತ್ತು... ಭಜನೆಯೋರೆಲ್ಲ ಇದ್ದಾಗ ಇದ್ದದ್ದಕ್ಕಿಂತ ಮೇಲೆ. ಬೆನ್ನ ಹಿಂದೆ ಸರ್... ಸರ್... ಒಣ ಹೂವು ಬಟ್ಟೆಗೆ ಉಜ್ಜಿದ ಹಾಗೆ.

"ಒಡೀತಿದೆ ಅಣ್ಣ. ಯಾರು ಓಡಾಡ್ತಿರೋದು?"

"ಯಾರೂ ಇಲ್ಲ."

ಅವನು ತಿರುಗಲಿಲ್ಲ. ಸಂಖ್ಯೆಯನ್ನೇ ನೋಡ್ತಾ ಕೂತ. ಪರದೆಯಲ್ಲಿ ಮಗು ಕಣ್ಣು ಬಿಟ್ಟು, ಎತ್ತಲೋ ನೋಡಿ, ಆಕಳಿಸ್ತು. ನಿಧಾನಕ್ಕೆ ಸಂಖ್ಯೆ ಇಳೀತು... ನಿಂತಿತು.

"ಈಗ ತಿಳಿಯಾಯ್ತು," ಅಂದ್ಲು ಸುಮನಾ. "ನಮ್ಮನ್ನೇ ನೋಡ್ತಿರೋ ಹಾಗಿದೆ. ಸಾಕು ಬುಡಣ್ಣ."

ಕೇಬಲ್ ಕಿತ್ತು, ತಲೆ ತಗ್ಗಿಸಿಕೊಂಡೇ ಆಚೆ ಹೋಗಿ ಕೂತ.

ಬೆಳಿಗ್ಗೆ ಎತ್ತೋಕೆ ಹೋದವರಲ್ಲಿ ನಾನೂ ಇದ್ದೆ, ಕೇಳಿದ್ದಲ್ಲ ಇದು. ಚಿಕ್ಕಪ್ಪನ ಮುಖದ ಮೇಲೆ ಕನ್ನಡಕ ಇತ್ತು; ಮನೆಯೋರೇ ಹಾಕಿದ್ದು ಅಂದ್ಕೊಂಡಿದ್ರಂತೆ ಭಜನೆಯೋರು. ದೂರದ್ದು ನೋಡೋಕೆ ಹಾಕ್ಕೋತಿದ್ದದ್ದು. ಸಂಜೆ ಸ್ನಾನ ಮಾಡಿಸೋವಾಗ ಚಿಕ್ಕಮ್ಮ ಅದನ್ನ ಬೀರುವಲ್ಲಿಟ್ಟು ಬೀಗ ಹಾಕಿದ್ರು. ಬೀಗದ ಕೈ ಅವರ ಸೊಂಟದಲ್ಲೇ ಇತ್ತು. ಚಿಕ್ಕಮ್ಮನೇ ಮೆಲ್ಲಗೆ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ರು. ನಾನೇ ಹಿಡ್ಕೊಂಡಿದ್ದೆ. ಎರಡೂ ಕಡ್ಡಿಗಳ ಮೇಲೆ ವಿಭೂತಿ ಬೆರಳಿನ ಗುರುತು ಮೂಡಿತ್ತು.