ಕಾಗದದ ಟೀಮಿನ ಹನ್ನೊಂದನೆಯವನು

ತೊಂಬತ್ತೆಂಟರ ಫುಟ್‌ಬಾಲ್ ವಿಶ್ವಕಪ್ಪಿನ ದಿನಗಳು. ಹರಿಹರದ ಬಸ್ಸಿನಲ್ಲಿ ನನ್ನ ಮುಂದೆ ಕೂತ ಗೆಳೆಯರಿಬ್ಬರು, ಪೇಪರ್ ನೋಡಿ ಆಟಗಾರರನ್ನು ಆರಿಸಿ ಕಟ್ಟಿದ ತಮ್ಮ ಟೀಮುಗಳ ವಾರದ ಪಾಯಿಂಟು ಲೆಕ್ಕ ಹಾಕುತ್ತಿದ್ದರು.

“ಈ ವಾರನೂ ನೀನೇ ಸೋತಿ, ವೀರೇಶ.”

“ಹೆಂಗಲೇ ಹಾಲೇಶ? ನನ್ನ ಹನ್ನೊಂದನೆಯವ್ನಿಗೆ ಯಾಕ ಪಾಯಿಂಟಿಲ್ಲ? ಮ್ಯಾಚ್ ಪೂರ್ತಿ ಓಡ್ಯಾನೆ, ಒಂದು ಫೌಲೂ ಮಾಡಿಲ್ಲ.”

“ಅವ್ನು ರೆಫ್ರಿ ಕಣಲೇ!”

“ಪೇಪರ್‌ನಾಗೆ ಫೋಟೋ ಬಂದಿತ್ತಲ್ಲೋ.”

“ಬಾಯಾಗೆ ಸೀಟಿ ಕಾಣ್ಲಿಲ್ಲೇನು?”

“ಇರ್ಲಿ ಬಿಡು. ನಿನ್ನೋರು ಅರ್ಧ ಜನ ಸೋತು ಊರಿಗೆ ಹೋದ್ರು. ನನ್ನೋನು ಇನ್ನೂ ಅಲ್ಲೇ ಅದಾನೆ.”

“ಮಾತು ಬ್ಯಾಡ. ಸೋತೋನು ವಾರಪೂರ್ತಿ ಗೆದ್ದೋನ್ನ ಸಾವ್ಕಾರ್ರೇ ಅಂತ ಕರೀಬೇಕು. ಜೋರಾಗಿ!”

ಸಾಹುಕಾರರ ಅಂಗಡಿಗಳೇ ತುಂಬಿದ ಮಂಡಿಪೇಟೆಯ ಹತ್ತಿರ ಇಬ್ಬರೂ ಇಳಿದರು. ವೀರೇಶ ನಡುಬೀದಿಯಲ್ಲಿ ನಿಂತು “ಸಾವ್ಕಾರ್ರೇ!” ಎಂದು ಕೂಗಿದ.

ಎರಡೂ ಬದಿಯ ಅಂಗಡಿಗಳಿಂದ “ಏನ್ರಿ?” ಎಂದು ತಲೆಗಳು ಹೊರಬಂದವು. ಗೆದ್ದ ಸಾಹುಕಾರ ಮಾತ್ರ ಮುಖ ಮುಚ್ಚಿಕೊಂಡು ಓಡುತ್ತಿದ್ದ.