ಬಾಗಿಲು ಬಡಿಯದವನು

ಅವತ್ತು ಮಂಗಳವಾರ. ನಾಲ್ಕನೇ ತರಗತಿಗೆ ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದೆ. ಬೋರ್ಡಿನ ಮೇಲೆ ಲೆಕ್ಕ ಇನ್ನೂ ಅರ್ಧವಾಗಿತ್ತು, ಲಾರಿಗಳು ಬಂದವು. ಗಡಿಯಾಚೆಯಿಂದ ಓಡಿಬಂದ ಜನ. ಸಂಜೆಯೊಳಗೆ ಮೈದಾನ ಅವರ ಕ್ಯಾಂಪಾಯಿತು, ನಮ್ಮ ಶಾಲೆ ಆಸ್ಪತ್ರೆಯಾಯಿತು. ಬೆಂಚುಗಳನ್ನು ಜೋಡಿಸಿ ಮಂಚ ಮಾಡಿದರು. ಬಂದವರಿಗೂ ಅದೇ ಆಸ್ಪತ್ರೆ, ನಮ್ಮೂರಿನವರಿಗೂ ಅದೇ. ರಾತ್ರಿ ಪಾಳಿಯ ನರ್ಸು ನನ್ನ ತಂಗಿ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಇದು ಅವಳಿಗೆ ಆದದ್ದು. ಅವಳು ಸುಳ್ಳು ಹೇಳುವವಳಲ್ಲ.

ಮೊದಲ ವಾರ. ಒಂದು ರಾತ್ರಿ ಅವಳು ಒಳಗೆ ಎಚ್ಚರವಾಗಿಯೇ ಕೂತು ಬ್ಯಾಂಡೇಜ್ ಸುತ್ತುತ್ತಿದ್ದಳು. ಚಳಿಗೆ ಬಾಗಿಲು ಮುಚ್ಚಿತ್ತು. ಹೊರಗೆ ಯಾರೋ ಒಮ್ಮೆ ಗಂಟಲು ಸರಿಮಾಡಿಕೊಂಡರು... ಹ್ಞುಂ. ಕಾವಲುಗಾರ ಇರಬೇಕು ಎಂದುಕೊಂಡಳು. ಬೆಳಿಗ್ಗೆ ಬಾಗಿಲು ತೆಗೆದರೆ, ಮಗಳನ್ನು ಎತ್ತಿಕೊಂಡು ಒಬ್ಬ ನಿಂತಿದ್ದ. ಮಗು ತಣ್ಣಗಾಗಿತ್ತು.

“ಬಾಗಿಲು ಬಡಿಯೋಕೆ ಏನಾಗಿತ್ತು ಇವನಿಗೆ?” ಎಂದು ತಂಗಿ ಅತ್ತಳು.

ಅವರ ಭಾಷೆ ಬಲ್ಲ ನಮ್ಮೂರ ದರ್ಜಿ ಅವನನ್ನು ಕೇಳಿ ಹೇಳಿದ: “ಅವರ ಕಡೆ ರಾತ್ರಿ ಹೊತ್ತು ಬಾಗಿಲು ಬಡಿಯೋರು ಅಂದ್ರೆ ಮನೆಯವರನ್ನ ಎಳ್ಕೊಂಡು ಹೋಗೋರೇ ಅಂತೆ, ಸಿಸ್ಟರ್. ಬೇರೆಯವರು ಒಂದ್ಸಲ ಗಂಟಲು ಸರಿಮಾಡ್ಕೊಂಡು ಕಾಯ್ತಾರಂತೆ. ಬಡಿದ್ರೆ ನೀವು ಹೆದರ್ತೀರಿ ಅಂದ್ಕೊಂಡನಂತೆ.”

ಒಂಬತ್ತನೇ ದಿನ ಜ್ವರದಲ್ಲಿ ಅವನೂ ಹೋದ. ತಂಗಿಯೇ ಅವನ ಕಣ್ಣು ಮುಚ್ಚಿದಳು. ಆಮೇಲೆ ಆ ಬಾಗಿಲನ್ನು ಅವಳು ಮುಚ್ಚಲಿಲ್ಲ.

ಒಂದು ತಿಂಗಳು ಕಳೆದಿರಬೇಕು. ಅವತ್ತು ಪಾಳಿ ಬದಲಾಗಿ ನಡುರಾತ್ರಿಯೇ ಮನೆಗೆ ನಡೆದು ಬರುತ್ತಿದ್ದಳು. ಬಾವಿಯ ರಾಟೆ ಕಿರ್ರ್... ಎಂದಿತು. ಗಾಳಿ ಇರಲಿಲ್ಲ. ಆಮೇಲೆ, ಬಡಗಿಯ ಮನೆ ಬಾಗಿಲ ಹತ್ತಿರ... ಹ್ಞುಂ. ಒಂದೇ ಸಲ. ಟಾರ್ಚ್ ಹಾಕಿ ನೋಡಿದಳು. ಯಾರೂ ಇಲ್ಲ.

ಬಡಗಿಯೆಂದರೆ, ಬಂದವರು ನಮ್ಮ ಬಾವಿ ಮುಟ್ಟಬಾರದು ಎಂದು ಕೂಗಾಡಿದವನು. ಆದರೂ ಬಾಗಿಲು ಬಡಿದಳು.

“ಏನ್ ಸಿಸ್ಟರ್, ಕ್ಯಾಂಪಿನವರು ಸಾಲ್ದು ಅಂತ ಈಗ ಮನೆಮನೆಗೂ ಬಂದು ಸೂಜಿ ಚುಚ್ತೀರಾ?”

“ಅಣ್ಣಾ, ಒಳಗೆ ಯಾರಿಗೆ ಹುಷಾರಿಲ್ಲ?” ತಂಗಿ ಪಿಸುಗುಟ್ಟಿದಳು.

ಅವನ ಮುಖ ಇಳಿಯಿತು. “ಮಗಳಿಗೆ... ಸಂಜೆಯಿಂದ ವಾಂತಿ. ಬೆಳಿಗ್ಗೆ ಕರ್ಕೊಂಡು ಬರೋಣ ಅಂತಿದ್ದೆ. ನಿಮಗೆ ಯಾರು ಹೇಳಿದ್ರು?”

“ಹೊರಗೆ ಒಬ್ಬರು ಕಾಯ್ತಿದ್ರು.”

ಬೆಳಗಾಗುವಷ್ಟರಲ್ಲಿ ನಾಲ್ಕು ಬಾಟಲಿ ಗ್ಲೂಕೋಸ್ ಹೋಗಿತ್ತು. ಹುಡುಗಿ ಉಳಿದಳು. ಈಗ ನನ್ನ ತರಗತಿಯಲ್ಲೇ ಇದ್ದಾಳೆ, ಬೇಕಾದರೆ ಕೇಳಿ.

ತಂಗಿ ತೀರಿಕೊಂಡು ಎಂಟು ತಿಂಗಳಾಯಿತು. ಮನೆಯಲ್ಲಿ ಈಗ ನಾನೊಬ್ಬಳೇ. ಅವಳು ಹೋದ ರಾತ್ರಿ, “ಸ್ವಲ್ಪ ಮೈ ಬಿಸಿ ಅಕ್ಕಾ, ರಜೆ ಹಾಕಿದೀನಿ, ಎಬ್ಬಿಸಬೇಡ” ಎಂದು ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ನಡುರಾತ್ರಿ ನಮ್ಮ ಬಾಗಿಲ ಹೊರಗೆ ಆ ಸದ್ದು ಕೇಳಿಸಿತು. ಕ್ಯಾಂಪಿನಿಂದ ಯಾರೋ ಅವಳನ್ನು ಕರೆಯಲು ಬಂದಿದ್ದಾರೆ, ಅವಳೇ ಏಳುತ್ತಾಳೆ ಎಂದುಕೊಂಡು ನಾನು ಮಗ್ಗುಲು ಬದಲಿಸಿದೆ.

ಇದು ನಡೆದದ್ದು. ಕನಸಲ್ಲ. ಬಡಗಿಯ ಬಾಗಿಲಲ್ಲಿ ಒಂದೇ ಸಲ ಕೇಳಿಸಿತ್ತು. ನಮ್ಮ ಬಾಗಿಲಲ್ಲಿ, ಮೂರು ಸಲ.