ಹಳ್ಳದಾಚೆಯ ಕೂಗಿಗೆ ನಾನು ಕೊಟ್ಟ ಉತ್ತರ

ನನ್ನ ಹೆಸರು ಕೃತಿಕಾ, ತಂದೆ ಯೋಗೇಂದ್ರ, ವಯಸ್ಸು ಇಪ್ಪತ್ಮೂರು, ಎಂ.ಎ. ಇಂಗ್ಲಿಷ್ ಎರಡನೇ ವರ್ಷದ ವಿದ್ಯಾರ್ಥಿನಿ, ವಾಸ ನೆಮ್ಮಾರ್ ಗ್ರಾಮ, ಶೃಂಗೇರಿ ತಾಲ್ಲೂಕು. ಮೊದಲ ವರ್ಷದಲ್ಲಿ ತರಗತಿಗೆ ಪ್ರಥಮ ಸ್ಥಾನ ನನ್ನದು. ಯಾರೂ ಕರೆಸದೆ, ನಾನಾಗಿಯೇ ಠಾಣೆಗೆ ಬಂದು ತಿಳಿಸುತ್ತಿರುವುದು ಹೀಗಿದೆ.

ಇಂಗ್ಲಿಷಿನ 'ಲೈನ್' ಎಂಬ ಪದವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಜನ ಯಾವ ಯಾವ ಅರ್ಥದಲ್ಲಿ ಬಳಸುತ್ತಾರೆ ಎಂಬುದರ ಮೇಲೆ ನಾನು ಪ್ರಬಂಧ ಬರೆಯುತ್ತಿದ್ದೆ. ಎಸ್ಟೇಟ್ ಕೆಲಸಗಾರರ ಸಾಲುಮನೆ ಲೈನ್. ಬಸ್ ಓಡುವ ದಾರಿ ಲೈನ್. ವ್ಯಾನಿನಲ್ಲಿ ಅಂಗಡಿಯಿಂದ ಅಂಗಡಿಗೆ ಸಾಮಾನು ಹಾಕಿ ಬರುವುದು ಲೈನ್ ಸೇಲ್. ಹುಡುಗಿಯ ಹಿಂದೆ ಸುತ್ತುವುದು ಲೈನ್ ಹೊಡೆಯುವುದು. ಒಟ್ಟು ಇಪ್ಪತ್ತೊಂದು ಅರ್ಥಗಳು ಸಿಕ್ಕಿದ್ದವು. ಅವುಗಳಲ್ಲಿ ಒಂಬತ್ತನ್ನು ಹೇಳಿದವರು ನಮ್ಮ ಭಾಗದ ಲೈನ್‌ಮನ್ ಸತೀಶ, ವಯಸ್ಸು ಮೂವತ್ತಾರು. ಪ್ರಬಂಧದಲ್ಲಿ ನಾನು ಅವರ ಹೆಸರು ಹಾಕದೆ 'ಸ್ಥಳೀಯ ಮಾಹಿತಿದಾರ' ಎಂದಷ್ಟೇ ಬರೆದಿದ್ದೆ.

ದಿನಾಂಕ 10-11-2025ರ ಸಂಜೆ ಮರದ ಕೊಂಬೆ ಬಿದ್ದು ನಮ್ಮ ಮನೆಗೆ ಬರುವ ವಿದ್ಯುತ್ ತಂತಿ ತುಂಡಾಯಿತು. ಆ ತಂತಿಯಲ್ಲಿ ನಮ್ಮದೇ ಕೊನೆಯ ಮನೆ. ಮರುದಿನ ಮಂಗಳವಾರ ಬೆಳಿಗ್ಗೆ 8.00ಕ್ಕೆ ತಂದೆ ತಾಯಿ ನರಸಿಂಹರಾಜಪುರಕ್ಕೆ ಒಂದು ನಿಶ್ಚಿತಾರ್ಥಕ್ಕೆಂದು ಹೊರಟರು. ಮನೆಯಲ್ಲಿ ನಾನೊಬ್ಬಳೇ ಇದ್ದೆ.

10.40ಕ್ಕೆ ಸತೀಶ ಮತ್ತು ಅವರ ಸಹಾಯಕ ಕಾಂತೇಶ್ ಅಂಗಳಕ್ಕೆ ಬಂದು ಮಜ್ಜಿಗೆ ಕೇಳಿ ಕುಡಿದರು. "ಎಷ್ಟಾಯ್ತು ಕೃತಿಕಮ್ಮ ನಿಮ್ ಲೈನು? ಇಂಗ್ಲಿಷ್‌ನೋರಿಗೂ ಗೊತ್ತಿರ್ಲಿಕ್ಕಿಲ್ಲ ಇಷ್ಟು" ಎಂದು ಸತೀಶ ಕೇಳಿದರು. ಸತೀಶ ಲೈನ್ ಹೊಡೆದದ್ದು ಎಷ್ಟು ವರ್ಷವೆಂದು ಅವರ ಹೆಂಡತಿ ಭಾಗ್ಯಕ್ಕನನ್ನು ಕೇಳಬೇಕೆಂದು ಕಾಂತೇಶ್ ಹೇಳಿದರು. "ಸುಮ್ನಿರಾ ಮಾರಾಯ, ಅದ್ನೂ ಬರ್ಕಂಡುಬಿಡ್ತಾರೆ" ಎಂದು ಸತೀಶ ನಕ್ಕರು. ಕಂಬ ಹತ್ತುವ ಮೊದಲು ಪಡೆಯುವ ಅನುಮತಿಗೆ 'ಲೈನ್ ಕ್ಲಿಯರ್' ಎನ್ನುತ್ತಾರೆಂದೂ, ಅದನ್ನು ಇಪ್ಪತ್ತೆರಡನೆಯದಾಗಿ ಸೇರಿಸಿಕೊಳ್ಳಬೇಕೆಂದೂ ತಿಳಿಸಿದರು.

ಕೆಲಸದ ಕಂಬ ನಮ್ಮ ಮನೆಯಿಂದ ಸುಮಾರು ನಾನೂರು ಮೀಟರ್ ಕೆಳಗೆ, ಹಳ್ಳದಾಚೆ ಇದೆ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಮನೆಯಿಂದ ಕಂಬ ಕಾಣುವುದೂ ಇಲ್ಲ. ಆದ್ದರಿಂದ ಸತೀಶ ಕಂಬ ಹತ್ತುವ ಮೊದಲು ಒಂದು ಕೂ ಹಾಕುತ್ತಾರೆ. ಮನೆಯವರು ಮೇನ್ ಸ್ವಿಚ್ ಕೆಳಗೆ ಹಾಕಿ, ಅಂಗಳಕ್ಕೆ ಬಂದು ತಿರುಗಿ ಕೂ ಹಾಕಬೇಕು. ಅವರು ಇಳಿದು ಎರಡನೆಯ ಕೂ ಹಾಕುವವರೆಗೆ ಮನೆಯ ಜನರೇಟರ್ ಮುಟ್ಟುವಂತಿಲ್ಲ. ಮೇನ್ ಮೇಲಿದ್ದರೆ ಜನರೇಟರಿನ ಕರೆಂಟ್ ತಂತಿಗೆ ಹಿಂದಕ್ಕೆ ಹರಿಯುತ್ತದೆ. ಅಂದೂ ಸತೀಶ ಇದನ್ನು ಜ್ಞಾಪಿಸಿದರು. ನನಗೆ ಹೇಳಿಕೊಡುವ ಅಗತ್ಯವಿಲ್ಲವೆಂದು ನಾನು ಹೇಳಿದೆ.

10.55ಕ್ಕೆ ಕೂ ಕೇಳಿತು. ನಾನು ಲ್ಯಾಪ್‌ಟಾಪಿನ ಮುಂದಿದ್ದೆ. ಪ್ರಬಂಧವನ್ನು 12.00ರೊಳಗೆ ಮೇಲ್ ಮಾಡಬೇಕಿತ್ತು. ಕುರ್ಚಿಯಿಂದ ಏಳದೆ, ಕಿಟಕಿಯ ಕಡೆ ಮುಖ ಮಾಡಿ ಉತ್ತರದ ಕೂ ಹಾಕಿದೆ. ವಾಕ್ಯ ಮುಗಿಸಿ ಮೇನ್ ಇಳಿಸುವುದೆಂದುಕೊಂಡೆ. ಇಳಿಸಲಿಲ್ಲ.

11.22ಕ್ಕೆ ಬ್ಯಾಟರಿ ಶೇಕಡಾ ಆರಕ್ಕೆ ಬಂದಿತು. ಇಂಟರ್ನೆಟ್ ಪೆಟ್ಟಿಗೆಗೂ ಕರೆಂಟ್ ಬೇಕಿತ್ತು. ಎರಡನೆಯ ಕೂ ಬಂದಿರಲಿಲ್ಲ. ನಾನು ಹಿಂದಿನ ಕೊಟ್ಟಿಗೆಯ ಜನರೇಟರ್ ಚಾಲೂ ಮಾಡಿದೆ. ಇಪ್ಪತ್ತೆರಡನೆಯ ಅರ್ಥವನ್ನು ಸೇರಿಸಿ 11.41ಕ್ಕೆ ಮೇಲ್ ಕಳುಹಿಸಿದೆ. 11.43ಕ್ಕೆ ಜನರೇಟರ್ ನಿಲ್ಲಿಸಿದಾಗ ಕೆಳಗಿನಿಂದ ಕಾಂತೇಶ್ ಕಿರುಚುತ್ತಿರುವುದು ಕೇಳಿತು. ದಾರಿಯ ತಿರುವಿನವರೆಗೆ ಓಡಿದೆ. ಸತೀಶ ಸೊಂಟದ ಬೆಲ್ಟಿನಲ್ಲಿ ಕಂಬಕ್ಕೆ ಜೋತುಬಿದ್ದಿದ್ದರು. ಅವರ ಒಂದು ಚಪ್ಪಲಿ ಕಂಬದ ಬುಡದಲ್ಲಿ ನೆಟ್ಟಗೆ, ಕಳಚಿಟ್ಟಂತೆ ಇತ್ತು. ಕಾಂತೇಶ್ ನನಗೆ ಬೆನ್ನು ಮಾಡಿ ಮೇಲೆ ನೋಡುತ್ತಿದ್ದರು. ನಾನು ಅವರ ಬಳಿ ಹೋಗಲಿಲ್ಲ. ಮನೆಗೆ ಹಿಂತಿರುಗಿ 11.48ಕ್ಕೆ ಮೇನ್ ಕೆಳಗೆ ಹಾಕಿದೆ.

ಮಧ್ಯಾಹ್ನ 3.10ಕ್ಕೆ ತಂದೆಗೆ ಎಲ್ಲವನ್ನೂ ಹೇಳಿದೆ. 4.30ಕ್ಕೆ ಪೊಲೀಸರು ಬಂದಾಗ, ನಾನು 10.50ರ ಬಸ್ಸಿಗೆ ಶೃಂಗೇರಿಗೆ ಹೋಗಿದ್ದೆನೆಂದೂ, ಆಮೇಲೆ ಮನೆಗೆ ಬೀಗವಿತ್ತೆಂದೂ ತಂದೆ ತಿಳಿಸಿದರು. ಆಗ ನಾನು ಒಳಬಾಗಿಲ ಹಿಂದೆ, ಅವರಿಂದ ಏಳು ಅಡಿ ದೂರದಲ್ಲಿದ್ದೆ. ಮನೆಯಿಂದ ಕೂ ಬಂದಿತ್ತೆಂದು ಕಾಂತೇಶ್ ಹೇಳಿದ್ದನ್ನು ಯಾರೂ ನಂಬಲಿಲ್ಲ. ಕಂಬ ಹತ್ತುವ ಮೊದಲು ತೆಗೆಯಬೇಕಾದ ಟ್ರಾನ್ಸ್‌ಫಾರ್ಮರಿನ ಮೂರು ಫ್ಯೂಸುಗಳಲ್ಲಿ ಒಂದನ್ನು ತೆಗೆಯದೆ ಬಿಟ್ಟು ಸತೀಶರ ಸಾವಿಗೆ ಕಾರಣನಾದನೆಂದು ವಿದ್ಯುತ್ ಇಲಾಖೆಯವರು ಅವರನ್ನು ಕೆಲಸದಿಂದ ನಿಲ್ಲಿಸಿ, ಅವರ ಮೇಲೆ ದೂರು ಕೊಟ್ಟರು.

ದಿನಾಂಕ 13ರಂದು ಕಾಲೇಜಿಗೆ ಹೋದೆ. ಹಾಜರಿ ಕರೆಯುವಾಗ ನನ್ನ ಹೆಸರು ಬಂತು. ಉತ್ತರ ಹೊರಡಲಿಲ್ಲ. ಮೊದಲ ಬೆಂಚಿನಲ್ಲಿ ಕುಳಿತಿದ್ದರೂ ನನಗೆ ಗೈರುಹಾಜರಿ ಹಾಕಲಾಯಿತು. ಪ್ರಬಂಧ ಅತ್ಯುತ್ತಮವಾಗಿದೆಯೆಂದು ಅದೇ ತರಗತಿಯಲ್ಲಿ ಘೋಷಿಸಲಾಯಿತು.

ದಿನಾಂಕ 15ರಂದು ಬೆಳಿಗ್ಗೆ 10.55ಕ್ಕೆ ಹಳ್ಳದಾಚೆಯಿಂದ ಒಂದು ಕೂ ಕೇಳಿತು. ತಾಯಿ ಎದ್ದು ಕಿಟಕಿಗಳನ್ನು ಹಾಕಿದರು. 16ರಂದು ಅದೇ ಸಮಯಕ್ಕೆ ಕೇಳಿತು, 17ರಂದೂ ಕೇಳಿತು. ನಾನು ಆ ದಿನಗಳಲ್ಲಿ 10.30ರಿಂದಲೇ ಗಡಿಯಾರ ನೋಡುತ್ತ ಕೂರುತ್ತಿದ್ದೆ. 18ರಂದು ಕೂ ಬಂದಾಗ ಮೇನ್ ಕೆಳಗೆ ಹಾಕಿ, ಅಂಗಳಕ್ಕೆ ಹೋಗಿ ಉತ್ತರ ಕೊಟ್ಟೆ.

ಕೂ ಹಾಕುತ್ತಿದ್ದವರು ಕಾಂತೇಶ್. ಸುಮಾರು ಹತ್ತು ನಿಮಿಷದಲ್ಲಿ ಅವರು ಹಳ್ಳ ದಾಟಿ ಹತ್ತಿ ಬಂದು ಮೆಟ್ಟಿಲ ಮೇಲೆ ಕುಳಿತರು. "ಹಂಗಾರೆ ನಾ ಕೇಳಿಸ್ಕಂಡಿದ್ದು ಹೌದು. ಮೂರೂ ಫ್ಯೂಸ್ ತೆಗ್ದಿದ್ದೆ ಕೃತಿಕಮ್ಮ. ಎಲ್ರೂ ಇಲ್ಲ ಇಲ್ಲ ಅಂದು ಅಂದು, ನಂಗೇ ಡೌಟ್ ಬಂದುಬಿಟ್ಟಿತ್ತು" ಎಂದರು. ಅಂದು ಕೂ ಹಾಕಿದವಳು ನಾನೇ ಎಂದು ಅವರಿಗೆ ಹೇಳಿದೆ. ಅವರು ಎದ್ದು ಹೋದರು.

ಈ ದಿನ ಬೆಳಿಗ್ಗೆ ತಂದೆ ಗೇಟಿನಲ್ಲಿ ನನ್ನನ್ನು ತಡೆದು, "ಕೂಸೆ, ಹೋದವ ಬತ್ನಿಲ್ಲೆ. ನೀ ಎಂತಕ್ಕೆ ನಿನ್ನ ಓದು ಹಾಳು ಮಾಡ್ಕತ್ತೆ?" ಎಂದರು. ನಡೆದೇ ಬಸ್ ನಿಲ್ದಾಣಕ್ಕೆ ಬಂದೆ.

ಕಾಂತೇಶ್ ಮೂರೂ ಫ್ಯೂಸ್ ತೆಗೆದಿದ್ದರು. ಸತೀಶ ತಮ್ಮ ಕೆಲಸದ ಕ್ರಮವನ್ನು ತಪ್ಪಿರಲಿಲ್ಲ. ಮೇನ್ ಇಳಿಸದೆ ಉತ್ತರ ಕೊಟ್ಟವಳೂ, ಜನರೇಟರ್ ಚಾಲೂ ಮಾಡಿದವಳೂ ನಾನು. ಇದನ್ನು ಸತೀಶರ ಹೆಂಡತಿ ಭಾಗ್ಯ ಅವರಿಗೆ ಪೂರ್ತಿಯಾಗಿ ಓದಿ ಹೇಳಬೇಕೆಂದು ಕೋರುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು, ನಾನೂ ಎರಡು ಸಲ ಓದಿದೆ, ನಡೆದದ್ದು ಹೀಗೆಯೇ. ಹೇಳು ಎಂದು ನನ್ನನ್ನು ಯಾರೂ ಒತ್ತಾಯಿಸಿಲ್ಲ. ಹೇಳಬೇಡ ಎಂಬ ಒತ್ತಾಯ ಮಾತ್ರ ಇತ್ತು.

ಸ್ಥಳ: ಶೃಂಗೇರಿ
ದಿನಾಂಕ: 19-11-2025, ಮಧ್ಯಾಹ್ನ 12.20
ಸಹಿ: ಕೃತಿಕಾ